ಚಾವಣಿಯ ಮೇಲೇರುವ ಭಾರ

ಸಮುದ್ರದ ನೀರು ಹೆಪ್ಪುಗಟ್ಟಬೇಕಾದರೆ ಉಷ್ಣಾಂಶ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬೇಕು. ಸಿಹಿನೀರಿಗೆ ಸೊನ್ನೆಯೇ ಸಾಕು. ಎರಡು ಡಿಗ್ರಿಯೂ ತುಂಬದ ಈ ಅಂತರ ಓದುವಾಗ ಅಲ್ಪವೆನಿಸುತ್ತದೆ. ಆದರೆ ನವೆಂಬರ್ ಕಳೆದ ಮೇಲೂ ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಸಣ್ಣ ದೋಣಿ ಇಳಿಸುವವರಿಗೆ ಇದು ಜೀವದ ಪ್ರಶ್ನೆ.

ಸರೋವರ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಆಚೆ ದಡ ಕಾಣುವ ಕೆರೆ. ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ, ಒಂಟಾರಿಯೊ ಐದೂ ಸೇರಿದರೆ ಸುಮಾರು 2,44,000 ಚದರ ಕಿಲೋಮೀಟರ್ ನೀರು. ಇಡೀ ಕರ್ನಾಟಕ 1,91,791. ಚಿಕಾಗೋ, ಟೊರಾಂಟೊಗಳಲ್ಲಿ ನೆಲೆಸಿದ ಕನ್ನಡದ ಮನೆಗಳವರು ವಾರಾಂತ್ಯ ಕಳೆಯುವುದು ಈ ನೀರಿನ ದಡದಲ್ಲೇ. ಗೆಳೆಯರ ದೋಣಿಯಲ್ಲಿ ಮೀನು ಹಿಡಿಯಲು ಹೊರಡುವವರೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಬೇಸಿಗೆಯ ಬಿಸಿಲು ಕುಡಿದ ನೀರು ಶರತ್ಕಾಲದಲ್ಲಿ ನಿಧಾನವಾಗಿ ತಣಿಯುತ್ತದೆ, ಗಾಳಿಯಾದರೋ ಕೆನಡಾದ ಉತ್ತರದಿಂದ ಒಂದೇ ರಾತ್ರಿಯಲ್ಲಿ ತಣ್ಣಗಾಗಿ ಬರುತ್ತದೆ. ಬೆಚ್ಚನೆಯ ನೀರಿನ ಮೇಲೆ ಕುಳಿರ್ಗಾಳಿ ಹಾಯ್ದಾಗ ಕೆಳಗಿನ ಗಾಳಿ ಮೇಲೇಳುತ್ತದೆ, ಮೇಲೆ ರಭಸದಿಂದ ಬೀಸುತ್ತಿದ್ದ ಗಾಳಿ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಅಡ್ಡಿಯಿಲ್ಲದ ನೂರಾರು ಕಿಲೋಮೀಟರ್ ನೀರಿನ ಮೇಲೆ ಅದು ಎಬ್ಬಿಸುವ ಅಲೆಗಳು ಸಾಗರದ ಅಲೆಗಳಂತೆ ಉದ್ದನೆಯವಲ್ಲ. ಕಡಿದಾಗಿ, ಒತ್ತೊತ್ತಾಗಿ ಬರುತ್ತವೆ. ದೋಣಿ ಒಂದನ್ನು ಏರಿ ಇಳಿಯುವಷ್ಟರಲ್ಲಿ ಮುಂದಿನದು ಮುಖಕ್ಕೆ ಬಡಿದಿರುತ್ತದೆ. 1975ರ ನವೆಂಬರ್ 10ರ ರಾತ್ರಿ 222 ಮೀಟರ್ ಉದ್ದದ ಅದಿರು ಹಡಗು ಎಡ್ಮಂಡ್ ಫಿಟ್ಜೆರಾಲ್ಡ್ 29 ಜನರೊಂದಿಗೆ ಸುಪೀರಿಯರ್‌ನಲ್ಲಿ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ಹಾಗೆ ನೋಡಿದರೆ ಅದು ಹಿಮ ಕಟ್ಟಿ ಮುಳುಗಿದ ಹಡಗಲ್ಲ. ಅಲೆಯ ಬಲವನ್ನು ಅಳೆಯಲು ಮಾತ್ರ ಅದನ್ನು ನೆನೆಯುತ್ತೇನೆ.

ಹಿಮ ಕಟ್ಟುವ ಕಥೆ ಬೇರೆ, ಅದರಲ್ಲಿ ಸದ್ದಿಲ್ಲ. ಅಲೆಗೆ ಬಡಿದ ದೋಣಿಯ ಮೂತಿ ನೀರನ್ನು ಚಿಮ್ಮಿಸುತ್ತದೆ, ಗಾಳಿ ಆ ತುಂತುರನ್ನು ಹಿಂದಕ್ಕೆ ಎಸೆಯುತ್ತದೆ, ಅದು ಕಂಬಿ, ಗಾಜು, ಆಂಟೆನಾ, ಚಾವಣಿಗೆ ತಗುಲಿದ ಕಡೆಯೇ ಗಟ್ಟಿಯಾಗುತ್ತದೆ. ಎಷ್ಟು ಬೇಗ ಕಟ್ಟುತ್ತದೆ ಎಂಬುದನ್ನು ಅಂದಾಜು ಮಾಡಲು ವಿಜ್ಞಾನಿ ಜೇಮ್ಸ್ ಓವರ್‌ಲ್ಯಾಂಡ್ ಮತ್ತು ಸಂಗಡಿಗರು 1986ರಲ್ಲಿ ಒಂದು ಸೂತ್ರ ಕೊಟ್ಟರು. ಗಾಳಿಯ ವೇಗ, ಗಾಳಿಯ ಉಷ್ಣಾಂಶ, ನೀರಿನ ಉಷ್ಣಾಂಶ, ಜೊತೆಗೆ ನೀರು ಹೆಪ್ಪುಗಟ್ಟುವ ಬಿಂದು, ಇಷ್ಟೇ ಅದಕ್ಕೆ ಬೇಕು. ಗಂಟೆಗೆ 54 ಕಿಲೋಮೀಟರ್ ಗಾಳಿ, ಮೈನಸ್ 8 ಡಿಗ್ರಿ ಹವೆ, 3 ಡಿಗ್ರಿ ನೀರು ಎಂದಿಟ್ಟು ನಾನೇ ಲೆಕ್ಕ ಹಾಕಿದೆ. ಉಪ್ಪುನೀರಿನ ಬಿಂದು ಹಾಕಿದರೆ ಉತ್ತರ 'ಮಧ್ಯಮ' ವರ್ಗಕ್ಕೆ ಬೀಳುತ್ತದೆ. ಸಿಹಿನೀರಿನ ಸೊನ್ನೆ ಹಾಕಿದೊಡನೆ 'ಭಾರೀ' ವರ್ಗಕ್ಕೆ ಏರುತ್ತದೆ, ಅಂದರೆ ಗಂಟೆಗೆ 2 ಸೆಂಟಿಮೀಟರ್‌ಗಿಂತ ಹೆಚ್ಚು.

ಇಲ್ಲಿ ಎರಡು ಸಂಗತಿ ನನ್ನನ್ನು ಕಾಡುತ್ತವೆ. ಅಮೆರಿಕದಲ್ಲಿ ಗೇಲ್ (ಬಿರುಗಾಳಿ) ಎಚ್ಚರಿಕೆ ಶುರುವಾಗುವುದು 34 ನಾಟ್‌ಗೆ, ಅಂದರೆ ಗಂಟೆಗೆ 63 ಕಿಲೋಮೀಟರ್‌ಗೆ. ನನ್ನ ಲೆಕ್ಕದ ಗಾಳಿ ಅದಕ್ಕಿಂತ ಕಡಿಮೆಯದು. ಗೇಲ್ ಇಲ್ಲವಲ್ಲ ಎಂದು ಸಮಾಧಾನಪಟ್ಟು ಹೊರಟವರ ದೋಣಿಗೂ ಭಾರೀ ಹಿಮ ಕಟ್ಟಬಹುದು. ಇನ್ನೊಂದು, ಆ ಸೂತ್ರ ಹುಟ್ಟಿದ್ದು ಅಲಾಸ್ಕಾ ಕಡಲಿನಲ್ಲಿ, 20ರಿಂದ 75 ಮೀಟರ್ ಉದ್ದದ ಹಡಗುಗಳನ್ನು ನೋಡಿ. ಏಳು ಮೀಟರ್ ದೋಣಿ ನೀರಿಗೆ ಇನ್ನೂ ಹತ್ತಿರ ಕೂತಿರುತ್ತದೆ, ಇನ್ನೂ ಹೆಚ್ಚು ತೋಯುತ್ತದೆ. ಅಂಥ ದೋಣಿಯವರು ಆ ಅಂಕಿಗಳನ್ನು ಗರಿಷ್ಠ ಎಂದುಕೊಳ್ಳಬಾರದು.

ಭಾರದ ಲೆಕ್ಕ ಇನ್ನೂ ಸರಳ. ದೋಣಿಯ ಮೇಲ್ಭಾಗದಲ್ಲಿ 15 ಚದರ ಮೀಟರ್ ಜಾಗಕ್ಕೆ ಗಂಟೆಗೆ 2 ಸೆಂಟಿಮೀಟರ್ ಹಿಮ ಕಟ್ಟಿದರೆ ಸುಮಾರು 275 ಕಿಲೋ. ಗಂಟೆಗೊಮ್ಮೆ ನಾಲ್ಕು ಮಂದಿ ದೊಡ್ಡವರು ಚಾವಣಿ ಹತ್ತಿ ಕೂತಂತೆ, ಯಾರೂ ಇಳಿಯುವುದಿಲ್ಲ. ಹುಲ್ಲು ಹೇರಿದ ಗಾಡಿ ಹೊಡೆದವರಿಗೆ ಗೊತ್ತು, ಹೊರೆ ಎತ್ತರವಾದಷ್ಟೂ ಸಣ್ಣ ಹಳ್ಳಕ್ಕೇ ಗಾಡಿ ಮಗುಚುತ್ತದೆ. ಇಲ್ಲಿ ಹೊರೆ ಗಾಳಿ ಬೀಸುವ ಮಗ್ಗುಲಿಗೇ ಹೆಚ್ಚು ಕಟ್ಟುವುದರಿಂದ ದೋಣಿ ಮೊದಲೇ ವಾಲಿರುತ್ತದೆ. 2019ರ ಡಿಸೆಂಬರ್ 31ರಂದು ಅಲಾಸ್ಕಾ ಬಳಿ ಸ್ಕ್ಯಾಂಡೀಸ್ ರೋಸ್ ಎಂಬ ಸುಮಾರು 40 ಮೀಟರ್‌ನ ಏಡಿ ಹಿಡಿಯುವ ಹಡಗು ಹೀಗೇ ಮಗುಚಿತು. ಏಳು ಜನರಲ್ಲಿ ಉಳಿದದ್ದು ಇಬ್ಬರು. ಎಷ್ಟು ಹಿಮ ತಡೆಯಬಲ್ಲದು ಎಂದು ಅದರ ಸ್ಥಿರತೆಯ ಕೈಪಿಡಿ ಹೇಳಿದ್ದೇ ತಪ್ಪಾಗಿತ್ತು ಎಂದು ತನಿಖೆ ಕಂಡುಕೊಂಡಿತು.

ಭೂಮಿ ಬಿಸಿಯಾಗುತ್ತಿದೆಯಲ್ಲ, ಈ ಅಪಾಯವೂ ಕರಗಬೇಡವೇ ಎಂದು ಕೇಳುವವರಿದ್ದಾರೆ. ನನ್ನ ಭಯ ಉಲ್ಟಾ ದಿಕ್ಕಿನದು. 1973ರಿಂದ ಇಟ್ಟಿರುವ ದಾಖಲೆಯ ಪ್ರಕಾರ ಈ ಸರೋವರಗಳ ಮೇಲಿನ ಹಿಮದ ಹೊದಿಕೆ ವರ್ಷದಿಂದ ವರ್ಷಕ್ಕೆ ಏರಿಳಿದರೂ ಒಟ್ಟಿನಲ್ಲಿ ಕುಗ್ಗುತ್ತಿದೆ. ಹೊದಿಕೆ ಇದ್ದಲ್ಲಿ ತುಂತುರು ಏಳುವುದಿಲ್ಲ. ಅದು ತಡವಾದರೆ ಡಿಸೆಂಬರ್, ಜನವರಿಯ ಕೊರೆಯುವ ಗಾಳಿಗೆ ತೆರೆದ ನೀರು ಸಿಗುತ್ತದೆ, ದೋಣಿ ಇಳಿಸುವ ಆಸೆಗೂ ದಾರಿ ಸಿಗುತ್ತದೆ. ಅಲೆಯ ಎತ್ತರ ತಿಳಿಸುವ ಹವಾಮಾನ ತೇಲುಗಳನ್ನು ಹಿಮಕ್ಕೆ ಸಿಕ್ಕಿ ಹಾಳಾಗದಿರಲೆಂದು ಶರತ್ಕಾಲದ ಕೊನೆಗೇ ದಡಕ್ಕೆ ತರುತ್ತಾರೆ. ಮಾಹಿತಿ ಹೆಚ್ಚು ಬೇಕಾದ ಹೊತ್ತಿಗೆ ನಡುನೀರಿನ ಕಣ್ಣುಗಳು ಮುಚ್ಚಿರುತ್ತವೆ.

ನೀರಿಗೆ ಬಿದ್ದರೆ? ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಲೆಕ್ಕ 1-10-1: ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಒಂದು ಗಂಟೆ. ಲೈಫ್ ಜಾಕೆಟ್ ಮೊದಲೇ ಮೈಮೇಲಿದ್ದರೆ ಮಾತ್ರ ಆ ಒಂದು ಗಂಟೆ ನಿಮ್ಮದು. ಇಲ್ಲದವರು ಹತ್ತು ನಿಮಿಷದ ಆಚೆ ಈಜಲಾರರು.

ಆದ್ದರಿಂದ ಮುನ್ಸೂಚನೆಯಲ್ಲಿ 'ಫ್ರೀಜಿಂಗ್ ಸ್ಪ್ರೇ' (ಹೆಪ್ಪುಗಟ್ಟುವ ತುಂತುರು) ಎಂದು ಕೇಳಿದ ದಿನ, ಅದು ಹಗುರದ್ದೇ ಆಗಿರಲಿ, ದೋಣಿಯನ್ನು ಕಟ್ಟೆಯಿಂದ ಬಿಚ್ಚಬೇಡಿ. ಆಗಲೇ ನೀರಿನ ಮೇಲಿದ್ದರೆ ಮುಂಗಾಜನ್ನು ಗಮನಿಸುತ್ತಿರಿ. ಅದರ ಮೇಲೆ ಬಿದ್ದ ಹನಿ ಜಾರದೆ ನಿಂತಿತೆಂದರೆ ಹಿಮ ಕಟ್ಟಲು ಶುರುವಾಗಿದೆ. ಆ ಕ್ಷಣವೇ ವೇಗ ತಗ್ಗಿಸಿ, ತುಂತುರು ಕಡಿಮೆ ಏಳುವಂತೆ ಮೂತಿ ತಿರುಗಿಸಿ, ರೇಡಿಯೊದ 16ನೇ ಚಾನೆಲ್‌ನಲ್ಲಿ ಎಲ್ಲಿದ್ದೀರೆಂದು ತಿಳಿಸಿ, ಹತ್ತಿರದ ಬಂದರಿಗೆ ಹೊರಡಿ. ಮರದ ಸುತ್ತಿಗೆಯಿಂದ ಎತ್ತರದ ಹಿಮವನ್ನು ಮೊದಲು, ಎರಡೂ ಮಗ್ಗುಲಿಂದ ಸಮನಾಗಿ ಒಡೆಯಿರಿ.