ಸಾಗರ ಸೇರಿದ ದಾಸ್ತಾನು

ಲೆಕ್ಕಪರಿಶೋಧನೆಗೆ ಹೋದಾಗ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಗಳನ್ನು ಕುರಿತು ವಿಚಾರಿಸಿದರೆ, "ಇರಲಿ ಬಿಡಿ ಸ್ವಾಮಿ, ಹಳೆಯದಾದಷ್ಟೂ ಬೆಲೆ ಬರುತ್ತದೆ" ಎಂಬ ಉತ್ತರ ದೊರೆಯುವುದುಂಟು. ಈ ವಾದಕ್ಕೆ ಪುಷ್ಟಿ ನೀಡುವಂತೆ ತೋರುವ ಅಮೆರಿಕದ ಪ್ರಸಂಗವೊಂದನ್ನು ಇಲ್ಲಿ ಪರಿಶೀಲಿಸೋಣ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಟಾಪ್ಸ್ ಎಂಬ ಚ್ಯೂಯಿಂಗ್ ಗಮ್ ಕಂಪನಿಯು 1952ರಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ 407 ಕಾರ್ಡುಗಳ ಮಾಲೆಯನ್ನು ಗಮ್ಮಿನೊಡನೆ ಹೊರತಂದಿತು. ಕೊನೆಯ ಕಂತು ಮಾರುಕಟ್ಟೆಗೆ ಬರುವಷ್ಟರಲ್ಲಿ ಆಟದ ಋತುವೇ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದ ಮೇಲೆ ಪಟಾಕಿ ತರಿಸಿದ ವರ್ತಕನ ಪಾಡು! ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಂತೆ, ಒಂದು ಸೆಂಟಿಗೆ ಹತ್ತು ಕಾರ್ಡು ಕೊಡುತ್ತೇವೆಂದರೂ ಕೊಳ್ಳುವವರಿರಲಿಲ್ಲ. ಕಡೆಗೆ 1960ರಲ್ಲಿ, ಗೋದಾಮು ತೆರವಾದರೆ ಸಾಕೆಂದು, ನೂರಾರು ಪೆಟ್ಟಿಗೆಗಳನ್ನು ಅಟ್ಲಾಂಟಿಕ್ ಸಾಗರಕ್ಕೆ ಸುರಿಯಲಾಯಿತು.

ಆ ಕಂತಿನ ಮೊದಲ ಕಾರ್ಡು, ಅಂದರೆ 311ನೆಯದು, ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರದು. ಕಲೆ, ಮಡಿಕೆಗಳಿಲ್ಲದೆ ಉಳಿದಿದ್ದ ಅದರ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂಗೈಯಗಲದ ರಟ್ಟಿಗೆ ಸುಮಾರು 100 ಕೋಟಿ ರೂಪಾಯಿ!

ನಮ್ಮ ಗೋದಾಮಿನ ಮಿತ್ರರು ಹಿಗ್ಗುವ ಮುನ್ನ ಎರಡು ಸಂಗತಿ ಗಮನಿಸಬೇಕು. ಹಣ ಸೇರಿದ್ದು ಕಾರ್ಡು ಕಾಪಾಡಿಕೊಂಡ ಸಂಗ್ರಾಹಕನಿಗೆ, ತಯಾರಕನಿಗಲ್ಲ. ಬೆಲೆ ಏರಿದ್ದೂ ಸರಕು ಹಳತಾದ ಮಾತ್ರಕ್ಕಲ್ಲ. ಬೇಡಿಕೆ ಉಳಿದು ಸರಕು ವಿರಳವಾದುದರಿಂದ. 1980ರ ದಶಕದ ಕೊನೆಯಲ್ಲಿ ಅಮೆರಿಕನ್ನರು ಇದೇ ಆಸೆಯಿಂದ ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಕಂಪನಿಗಳೂ ಧಾರಾಳವಾಗಿ ಮುದ್ರಿಸಿದವು. ಎಲ್ಲರ ಮನೆಯಲ್ಲೂ ಇರುವ ಆ ಕಾರ್ಡುಗಳಲ್ಲಿ ಬಹುಪಾಲಿಗೆ ಇಂದು ಬೆಲೆಯೇ ಇಲ್ಲ.

ಆದುದರಿಂದಲೇ ನಮ್ಮ ಲೆಕ್ಕಪತ್ರ ಮಾನಕ 2, ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೌಲ್ಯ, ಇವುಗಳಲ್ಲಿ ಕಡಿಮೆಯಾದುದಕ್ಕೇ ತೋರಿಸಬೇಕೆಂದು ವಿಧಿಸುತ್ತದೆ. ಮಾರಾಟವಾಗದ ಸರಕನ್ನು ಪೂರ್ಣ ವೆಚ್ಚಕ್ಕೆ ತೋರಿಸಿದರೆ, ಇಲ್ಲದ ಲಾಭಕ್ಕೆ ತೆರಿಗೆಯನ್ನೂ ಬೆಲೆಯಿಲ್ಲದ ಸರಕಿನ ಆಧಾರದ ಸಾಲಕ್ಕೆ ಬಡ್ಡಿಯನ್ನೂ ತೆರಬೇಕಾಗುತ್ತದೆ.

ಹಾಗೆಂದು ಸಾಗರಕ್ಕೆ ಸುರಿಯುವುದೂ ಸಲ್ಲದು. ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ವಜಾ ಮಾಡಿದರೆ, ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮಿನಂತೆ, ಖರೀದಿಯಲ್ಲಿ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ರಿಯಾಯಿತಿ ದರದಲ್ಲಾದರೂ ಸಕಾಲದಲ್ಲಿ ಮಾರುವುದೇ ಲೇಸು.

ಎಪ್ಪತ್ತು ವರ್ಷ ಕಾಯುವೆವೆನ್ನುವವರು ಗೋದಾಮಿನ ಬಾಡಿಗೆಯನ್ನೊಮ್ಮೆ ಎಪ್ಪತ್ತು ವರ್ಷಕ್ಕೆ ಗುಣಿಸಿ ನೋಡಬೇಕಾಗಿ ವಿನಂತಿ.