ಪಟಿಂಗ್: ದಿಕ್ಕು, ವೇಗ ಮತ್ತು 108 ಮಿಲಿಮೀಟರ್ ಕುಳಿ

ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ 43 ಮಿಲಿಮೀಟರ್‌ಗೆ ತುಸು ಕಡಿಮೆ. ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿ ಸಿದ್ಧಪಡಿಸಿದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅದರ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವ ಹೊಡೆತವೇ ಪಟ್, ಅದಕ್ಕೆ ಬಳಸುವ ಕೋಲು ಪಟರ್. 18 ಕುಳಿಗಳ ಸುತ್ತಿಗೆ 72 ಹೊಡೆತಗಳ ಪಾರ್ (ನಿಗದಿತ ಹೊಡೆತಗಳ ಲೆಕ್ಕ) ಇದ್ದರೆ, ಕುಳಿಗೆ ಎರಡರಂತೆ 36 ಪಟ್‌ಗಳು ಆ ಲೆಕ್ಕದಲ್ಲೇ ಸೇರಿರುತ್ತವೆ. ಇಷ್ಟಾದರೂ ಹವ್ಯಾಸಿ ಆಟಗಾರರ ಅಭ್ಯಾಸದ ಸಮಯ ಬಹುಪಾಲು ದೂರದ ಹೊಡೆತಗಳಿಗೇ ಹೋಗುತ್ತದೆ.

ಪಟಿಂಗ್‌ನ ಬೆಲೆ ಏನೆಂಬುದು ಕನ್ನಡಿಗರಿಗೆ ಮನವರಿಕೆಯಾದದ್ದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತದಿಂದ ಪದಕ ಕೈತಪ್ಪಿತು. ದೂರ ಹೊಡೆಯುವುದರಲ್ಲಿ ಅವರು ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ನಾಲ್ಕೂ ದಿನ ಅವರನ್ನು ಪದಕದ ಪೈಪೋಟಿಯಲ್ಲಿ ಉಳಿಸಿದ್ದು ಗ್ರೀನ್ ಮೇಲಿನ ಅವರ ಕೈಚಳಕ.

ಕಲಿಯುವವರು ಮೊದಲು ತಿಳಿಯಬೇಕಾದದ್ದು ಈ ಹೊಡೆತ ಎಷ್ಟು ಕಷ್ಟ ಎಂಬುದನ್ನು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರ ಪಂದ್ಯಸರಣಿ ಪಿಜಿಎ ಟೂರ್‌ನ ಅಂಕಿಅಂಶಗಳನ್ನು ಜಾಲಾಡಿ 2014ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅವರ ಲೆಕ್ಕದಂತೆ, ಜಗತ್ತಿನ ಅತ್ಯುತ್ತಮ ವೃತ್ತಿಪರರು ಮೂರು ಅಡಿಯ ಪಟ್‌ಗಳಲ್ಲಿ ನೂರಕ್ಕೆ ಸುಮಾರು 96ನ್ನು ಕುಳಿಗೆ ಹಾಕುತ್ತಾರೆ. ಎಂಟು ಅಡಿಗೆ ಬಂದರೆ ಅದು 50ಕ್ಕೆ ಇಳಿಯುತ್ತದೆ. 20 ಅಡಿಯಿಂದ ಬೀಳುವುದು ಸುಮಾರು 15 ಮಾತ್ರ. ಹತ್ತು ಅಡಿಯ ಪಟ್ ತಪ್ಪಿತೆಂದು ತನ್ನ ಹೊಡೆತದ ಶೈಲಿಯನ್ನೇ ಬದಲಿಸಲು ಹೊರಡುವ ಹವ್ಯಾಸಿ ಈ ಸಂಖ್ಯೆಗಳನ್ನು ಒಮ್ಮೆ ನೋಡಬೇಕು. ಅಭ್ಯಾಸದ ಗುರಿ ಎರಡೇ: ಐದಾರು ಅಡಿಯ ಒಳಗಿನದ್ದು ತಪ್ಪಬಾರದು, ದೂರದಿಂದ ಹೊಡೆದದ್ದು ಕುಳಿಯ ಪಕ್ಕದಲ್ಲೇ ನಿಲ್ಲಬೇಕು. ಮೊದಲನೆಯದಕ್ಕೆ ದಿಕ್ಕು ಮುಖ್ಯ, ಎರಡನೆಯದಕ್ಕೆ ವೇಗ.

ದಿಕ್ಕನ್ನು ನಿರ್ಧರಿಸುವುದು ಬಹುಪಾಲು ಪಟರ್‌ನ ಮುಖ. ಪಟರ್ ಒಂದಿಷ್ಟು ವಕ್ರ ದಾರಿಯಲ್ಲಿ ಬಂದರೂ ಚೆಂಡಿಗೆ ತಾಗುವ ಕ್ಷಣದಲ್ಲಿ ಅದರ ಮುಖ ನೆಟ್ಟಗಿದ್ದರೆ ಚೆಂಡು ಹೆಚ್ಚುಕಡಿಮೆ ಅಂದುಕೊಂಡ ಕಡೆಗೇ ಹೊರಡುತ್ತದೆ. ಮುಖ ವಾಲಿದ್ದರೆ ಎಷ್ಟೇ ನೇರವಾಗಿ ಬೀಸಿದರೂ ಪ್ರಯೋಜನವಿಲ್ಲ. ಸಮತಟ್ಟಾದ ಗ್ರೀನ್‌ನಲ್ಲಿ ಹತ್ತು ಅಡಿ ದೂರದ ಕುಳಿಗೆ ಚೆಂಡು ಬೀಳಬೇಕಾದರೆ ಅದು ನಡುಗೆರೆಯಿಂದ ಎಡಕ್ಕಾಗಲಿ ಬಲಕ್ಕಾಗಲಿ ಒಂದು ಡಿಗ್ರಿಗಿಂತ ಹೆಚ್ಚು ಸರಿಯುವಂತಿಲ್ಲ. 20 ಅಡಿಗೆ ಆ ಸಲುಗೆ ಅರ್ಧ ಡಿಗ್ರಿ.

ಮುಖ ತಿರುಗುವುದು ಮಣಿಕಟ್ಟು ಆಡಿದಾಗ. ಅದಕ್ಕೇ ಮಣಿಕಟ್ಟನ್ನು ಸುಮ್ಮನಿರಿಸಿ ಭುಜಗಳಿಂದ ಪಟರ್ ತೂಗಲು ಕಲಿಸುತ್ತಾರೆ. ಭುಜಗಳೆರಡೂ ಲೋಲಕದ ಕೀಲಿನಂತೆ ಕೆಲಸ ಮಾಡುತ್ತವೆ. ತೋಳು, ಕೈ, ಪಟರ್ ಒಂದೇ ತುಂಡಾಗಿ ಹಿಂದೆ ಮುಂದೆ ಚಲಿಸುತ್ತವೆ. ಕಣ್ಣು ಚೆಂಡಿನ ನೇರ ಮೇಲೆ ಅಥವಾ ತುಸು ಒಳಗೆ ಇದ್ದರೆ ಕುಳಿಯತ್ತ ಹೋಗುವ ಗೆರೆ ಸರಿಯಾಗಿ ಕಾಣುತ್ತದೆ. ಮೂಗಿನಿಂದ ಒಂದು ಚೆಂಡನ್ನು ಕೆಳಕ್ಕೆ ಬಿಟ್ಟು ಅದು ಎಲ್ಲಿ ಬೀಳುತ್ತದೆಂದು ನೋಡಿದರೆ ನಿಂತ ಭಂಗಿ ಸರಿಯೇ ಎಂಬುದು ಗೊತ್ತಾಗುತ್ತದೆ. ಹಿಡಿತದ ವಿಷಯದಲ್ಲಿ ಒಂದೇ ಕಟ್ಟಳೆಯಿಲ್ಲ. ಬಲಗೈ ಆಟಗಾರರು ಸಾಮಾನ್ಯವಾಗಿ ಬಲಗೈಯನ್ನು ಕೆಳಗಿಟ್ಟು ಹಿಡಿಯುತ್ತಾರೆ. ವೃತ್ತಿಪರ ಆಟಗಾರ ಜೋರ್ಡಾನ್ ಸ್ಪೀತ್ ಎಡಗೈಯನ್ನು ಕೆಳಗಿಟ್ಟು ಹಿಡಿದೇ 2015ರಲ್ಲಿ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎಂಬ ಎರಡು ಪ್ರಮುಖ ಟೂರ್ನಿಗಳನ್ನೂ ಗೆದ್ದರು. ಯಾವ ಹಿಡಿತದಲ್ಲಿ ಮಣಿಕಟ್ಟು ಆಡುವುದಿಲ್ಲವೋ ಅದು ಆ ಆಟಗಾರನಿಗೆ ಸರಿಯಾದ ಹಿಡಿತ.

ಮುಖ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ‘ಗೇಟ್’ ಅಭ್ಯಾಸಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಚೆಂಡಿನ ಎರಡೂ ಬದಿಗೆ, ಪಟರ್‌ನ ತಲೆ ಕೂದಲೆಳೆಯಲ್ಲಿ ಪಾರಾಗುವಷ್ಟು ಜಾಗ ಬಿಟ್ಟು ಎರಡು ಟೀಗಳನ್ನು (ಚೆಂಡನ್ನು ಇಟ್ಟು ಹೊಡೆಯುವ ಪುಟ್ಟ ಕಡ್ಡಿಗಳು) ನೆಡಬೇಕು. ಚೆಂಡಿನಿಂದ ಒಂದೂವರೆ ಅಡಿ ಮುಂದೆ, ಚೆಂಡು ಮಾತ್ರ ತೂರುವಷ್ಟು ಕಿರಿದಾಗಿ ಇನ್ನೆರಡು. ಹೊಡೆತದಲ್ಲಿ ಪಟರ್‌ನ ತಲೆ ಮೊದಲ ಗೇಟಿನ ಕಡ್ಡಿಗೆ ತಾಗಿದರೆ ದಾರಿ ತಪ್ಪಿದೆ ಎಂದರ್ಥ. ಚೆಂಡು ಎರಡನೇ ಗೇಟಿಗೆ ಬಡಿದರೆ ಬಹುತೇಕ ಮುಖದ್ದೇ ದೋಷ. ಚೆಂಡು ಎಡಗಡ್ಡಿಗೆ ಬಡಿದರೆ ಮುಖ ಎಡಕ್ಕೆ ವಾಲಿದೆ, ಬಲಗಡ್ಡಿಗೆ ಬಡಿದರೆ ಬಲಕ್ಕೆ. ಕುಳಿಗೆ ಬಿದ್ದಿತೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಎರಡು ದೋಷಗಳನ್ನು ಬೇರೆ ಬೇರೆ ಮಾಡಿ ತೋರಿಸುವುದೇ ಇದರ ಹೆಚ್ಚುಗಾರಿಕೆ. ಬರೀ ಕುಳಿಯನ್ನು ನೋಡುತ್ತಾ ಹೊಡೆಯುವವರಿಗೆ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ಚೆಂಡು ಒಳಗೆ ಹೋದದ್ದು ತಿಳಿಯುವುದೇ ಇಲ್ಲ.

ಚೆಂಡು ಪಟರ್‌ನ ನಡುಭಾಗಕ್ಕೆ ತಾಗುವುದೂ ಅಷ್ಟೇ ಅಗತ್ಯ. ತುದಿಗೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ, ಚೆಂಡಿಗೆ ಶಕ್ತಿ ಕಡಿಮೆ ದಾಟುತ್ತದೆ, ಪಟ್ ಕುಳಿಗೆ ಮುಂಚೆಯೇ ನಿಲ್ಲುತ್ತದೆ. ಪಟರ್‌ನ ಮುಖಕ್ಕೆ ಚೆಂಡಿನಷ್ಟು ಅಂತರ ಬಿಟ್ಟು ಎರಡು ರಬ್ಬರ್ ಬ್ಯಾಂಡ್ ಸುತ್ತಿ ಹೊಡೆದು ನೋಡಬಹುದು. ನಡುವಿಗೆ ತಾಗಿದ ಹೊಡೆತ ಸರಾಗವಾಗಿ ಹೊರಡುತ್ತದೆ, ಬ್ಯಾಂಡಿಗೆ ತಾಗಿದ್ದು ಮಂಕಾಗಿ ಪಕ್ಕಕ್ಕೆ ಪುಟಿಯುತ್ತದೆ.

ಇನ್ನು ವೇಗ. ಕುಳಿಯ ಅಂಚಿಗೆ ಬಂದು ನಿಲ್ಲುವಂತಿರುವ ಚೆಂಡಿಗೆ ಇಡೀ 108 ಮಿಲಿಮೀಟರ್ ಬಾಗಿಲು ತೆರೆದಿರುತ್ತದೆ. ವೇಗ ಹೆಚ್ಚಿದಂತೆ ಬಾಗಿಲು ಕಿರಿದಾಗುತ್ತದೆ: ಅಂಚಿನ ಮೇಲೆ ಹಾಯುವ ಚೆಂಡು ಕೆಳಗಿಳಿಯುವಷ್ಟರಲ್ಲೇ ಆಚೆ ದಾಟಿಬಿಡುತ್ತದೆ. ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗ ಮೀರಿದರೆ ಕುಳಿಯ ನಟ್ಟನಡುವೆ ಬಂದ ಚೆಂಡೂ ಒಳಗೆ ಉಳಿಯುವುದಿಲ್ಲ. ಹಾಗೆಂದು ತೀರಾ ಮೆಲ್ಲಗೆ ಹೊಡೆದರೂ ತೊಂದರೆಯಿದೆ. ನಾಸಾದಲ್ಲಿ ಸಂಶೋಧಕರಾಗಿದ್ದು ಆಮೇಲೆ ಗಾಲ್ಫ್ ತರಬೇತಿಗೆ ಬಂದ ಡೇವ್ ಪೆಲ್ಜ್ ಇದಕ್ಕೆ ಸೊಗಸಾದ ಕಾರಣ ಕೊಟ್ಟರು. ಆಟಗಾರರು ಕುಳಿಯ ಸುತ್ತ ಓಡಾಡುತ್ತಾರೆ, ಆದರೆ ಅದಕ್ಕೆ ತೀರಾ ಹತ್ತಿರದ ಒಂದಡಿ ಜಾಗವನ್ನು ತುಳಿಯುವುದಿಲ್ಲ. ಹೀಗಾಗಿ ಸುತ್ತಲಿನ ನೆಲ ಅದುಮಿಕೊಂಡು ಏರುಪೇರಾಗುತ್ತದೆ, ಕುಳಿಯ ಅಂಚು ತುಸು ಎತ್ತರಕ್ಕೆ ಉಳಿಯುತ್ತದೆ. ಸೋತು ಬರುವ ಚೆಂಡು ಆ ತಗ್ಗುದಿಣ್ಣೆಗಳಲ್ಲಿ ಅತ್ತಿತ್ತ ಜಾರುತ್ತದೆ. ಕುಳಿ ತಪ್ಪಿದರೆ 17 ಇಂಚು, ಅಂದರೆ ಸುಮಾರು 43 ಸೆಂಟಿಮೀಟರ್ ಆಚೆ ನಿಲ್ಲುವಷ್ಟು ವೇಗ ಸೂಕ್ತ ಎಂಬುದು ಪೆಲ್ಜ್ ಅವರ ತೀರ್ಮಾನ. ಇಳಿಜಾರಿನ ನುಣುಪು ಗ್ರೀನ್‌ಗಳಲ್ಲಿ ಇದು ಜಾಸ್ತಿಯೇ ಆದೀತು. ಏರಿನಲ್ಲಿ ಹೊಡೆಯುವ ಹವ್ಯಾಸಿಗೆ ಒಳ್ಳೆಯ ಅಳತೆ.

ವೇಗವನ್ನು ಹಿಂದಕ್ಕೆ ತೂಗುವ ಉದ್ದದಿಂದ ನಿಯಂತ್ರಿಸಬೇಕು, ಕೈಯ ಬಲದಿಂದಲ್ಲ. ಹತ್ತು ಅಡಿಗೂ ಮೂವತ್ತು ಅಡಿಗೂ ಲಯ ಒಂದೇ; ಪಟರ್ ಹಿಂದೆ ಹೋಗಲು ಹಿಡಿಯುವ ಸಮಯ ಅದು ಚೆಂಡಿಗೆ ಮರಳುವ ಸಮಯದ ಸುಮಾರು ಎರಡರಷ್ಟು. ತುಂಬ ಹಿಂದಕ್ಕೆ ಒಯ್ದು ಕೊನೆಗಳಿಗೆಯಲ್ಲಿ ಹೆದರಿ ತಡೆಯುವುದು ಹೊಸಬರಲ್ಲಿ ಅತಿ ಸಾಮಾನ್ಯವಾದ ದೋಷ. ಇದಕ್ಕೆ 10, 20, 30, 40 ಅಡಿಗಳಿಂದ ಸರದಿಯಂತೆ ಒಂದೊಂದೇ ಚೆಂಡು ಹೊಡೆದು, ಪ್ರತಿಯೊಂದೂ ಕುಳಿ ದಾಟಿ ಮೂರಡಿಯೊಳಗೆ ನಿಲ್ಲುವಂತೆ ಅಭ್ಯಾಸ ಮಾಡಬೇಕು. ಒಂದೇ ಜಾಗದಿಂದ ಹತ್ತು ಚೆಂಡು ಹೊಡೆದರೆ ಕೈ ಆ ಒಂದು ದೂರಕ್ಕೆ ಮಾತ್ರ ಹೊಂದಿಕೊಳ್ಳುತ್ತದೆ.

ಇಳಿಜಾರನ್ನು ಅಂದಾಜು ಮಾಡುವುದೂ ವೇಗದ ಲೆಕ್ಕವೇ. ಚೆಂಡು ನಿಧಾನವಾದಷ್ಟೂ ಹೆಚ್ಚು ಬಾಗುತ್ತದೆ, ಆದ್ದರಿಂದ ಕುಳಿಯ ಹತ್ತಿರದ ಕೊನೆಯ ಕೆಲವು ಅಡಿಗಳ ಇಳಿಜಾರೇ ನಿರ್ಣಾಯಕ. ಹವ್ಯಾಸಿಗಳು ಬಾಗುವಿಕೆಯನ್ನು ಕಡಿಮೆ ಅಂದಾಜಿಸಿ ಕುಳಿಯ ಕೆಳಬದಿಗೆ ತಪ್ಪಿಸುವುದೇ ಹೆಚ್ಚು. ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ವಾಲಿದ ದಿಕ್ಕನ್ನೂ ನೋಡಬೇಕು. ಮೇಲ್ಮೈ ಹೊಳೆಯುತ್ತಿದ್ದರೆ ಹುಲ್ಲು ಆಟಗಾರನಿಂದ ಆಚೆಗೆ ವಾಲಿದೆ, ಚೆಂಡು ಬೇಗ ಓಡುತ್ತದೆ. ಕಪ್ಪಾಗಿ ಮಂಕಾಗಿದ್ದರೆ ಆಟಗಾರನ ಕಡೆಗೆ ವಾಲಿದೆ, ಚೆಂಡು ನಿಧಾನವಾಗುತ್ತದೆ. ಬೆಳಗಿನ ಇಬ್ಬನಿಯಿದ್ದಾಗ ಎಲ್ಲ ಪಟ್‌ಗಳೂ ನಿಧಾನ.

ಇಷ್ಟೆಲ್ಲ ಕಲಿತವರನ್ನೂ ಕಾಡುವ ಒಂದು ತೊಂದರೆಗೆ ಗಾಲ್ಫ್ ವಲಯದಲ್ಲಿ ‘ಯಿಪ್ಸ್’ ಎಂಬ ಹೆಸರು. ಪುಟ್ಟ ಪಟ್ ಹೊಡೆಯುವಾಗ ಕೈ ತಾನಾಗಿ ಅದುರಿ ಜಗ್ಗುತ್ತದೆ. ಕೆಲವರಲ್ಲಿ ಇದಕ್ಕೆ ಆತಂಕ ಕಾರಣವಾದರೆ, ಕೆಲವರಲ್ಲಿ ಸ್ನಾಯುಗಳನ್ನು ಆಳುವ ನರವ್ಯವಸ್ಥೆಯ ದೋಷ. ಹಿಡಿತ ಬದಲಿಸುವುದು, ಬೇರೆ ಬಗೆಯ ಪಟರ್ ಹಿಡಿಯುವುದು ಹಲವರಿಗೆ ನೆರವಾಗಿದೆ. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ವೃತ್ತಿಜೀವನದಲ್ಲಿ ಮತ್ತೆ ಮತ್ತೆ ಇದಕ್ಕೆ ಸಿಕ್ಕಿದರು, ಹಿಡಿತಗಳನ್ನು ಬದಲಿಸುತ್ತ ಹೋದರು, 1985 ಮತ್ತು 1993ರಲ್ಲಿ ಮಾಸ್ಟರ್ಸ್ ಗೆದ್ದರು. ಆಮೇಲೆ ಉದ್ದನೆಯ ಪಟರ್ ಹಿಡಿದರು. ಪಟರ್‌ನ ತುದಿಯನ್ನು ದೇಹಕ್ಕೆ ಒತ್ತಿಟ್ಟು ಹೊಡೆಯುವುದನ್ನು 2016ರ ಜನವರಿ 1ರಿಂದ ನಿಯಮ ನಿಷೇಧಿಸಿತು. ಉದ್ದ ಪಟರ್‌ಗೆ ನಿಷೇಧವಿರಲಿಲ್ಲವಾದ್ದರಿಂದ, ಲ್ಯಾಂಗರ್ ಅದನ್ನು ಎದೆಯಿಂದ ತುಸು ದೂರ ಹಿಡಿದು ಹಿರಿಯರ ಟೂರ್‌ನಲ್ಲಿ ಗೆಲ್ಲುವುದನ್ನು ಮುಂದುವರಿಸಿದರು.