ಲಿವರ್‌ನಲ್ಲಿ ತೆರೆದ ದಾರಿ, ಕಾಲಿನಲ್ಲಿ ಕಂಡ ಒಗಟು

ಕುತ್ತಿಗೆಯಲ್ಲಿ ಒಂದು ಸಣ್ಣ ತೂತು, ಅಷ್ಟೇ! ಅಲ್ಲಿಂದ ಹೊರಟ ತೆಳು ನಳಿಕೆ ಹೃದಯದ ಬಲಭಾಗ ಹಾದು ಲಿವರ್‌ನ ರಕ್ತನಾಳಕ್ಕೆ ಇಳಿಯುತ್ತದೆ. ಸಿರೋಸಿಸ್‌ನಿಂದ ಗಟ್ಟಿಯಾದ ಆ ಲಿವರ್ ಒಳಗೇ ಸೂಜಿ ತೂರಿಸಿ, ಕರುಳಿನ ರಕ್ತ ತರುವ ಪೋರ್ಟಲ್ ನಾಳವನ್ನು ಮುಟ್ಟಿ, ಎರಡೂ ನಾಳಗಳ ನಡುವೆ 8ರಿಂದ 10 ಮಿಲಿಮೀಟರ್ ಅಗಲದ ಸ್ಟೆಂಟ್ ಕೂರಿಸುತ್ತಾರೆ. ಇದೇ 'ಟಿಪ್ಸ್'. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಸಿಕ್ಕಿಬಿದ್ದ ಬಿಟಿಎಂನವರಿಗೆ ದಿಢೀರನೆ ಮೇಲುಸೇತುವೆ ಸಿಕ್ಕ ಹಾಗೆ, ತಡೆದು ನಿಂತ ರಕ್ತದ ಒತ್ತಡ ಇಳಿಯುತ್ತದೆ. ಆ ಒತ್ತಡದಿಂದಾಗುತ್ತಿದ್ದ ರಕ್ತವಾಂತಿ ನಿಲ್ಲುತ್ತದೆ, ಹೊಟ್ಟೆಯ ನೀರು ಕಡಿಮೆಯಾಗುತ್ತದೆ.

ಇದು ಹೊಳೆದದ್ದೂ ಆಕಸ್ಮಿಕವಾಗಿ! ಅಮೆರಿಕದಲ್ಲಿ ವೈದ್ಯ ಜೋಸೆಫ್ ರೋಶ್ ನಾಯಿಗಳ ಪಿತ್ತನಾಳ ಹುಡುಕುತ್ತಿದ್ದಾಗ ಸೂಜಿ ಪೋರ್ಟಲ್ ನಾಳಕ್ಕೆ ಹೊಕ್ಕಿತು. 1969ರಲ್ಲಿ ಅವರು ಅದನ್ನು ಬರೆದರು. 1988ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮನುಷ್ಯರಿಗೆ ಸ್ಟೆಂಟ್ ಬಿತ್ತು.

ಆದರೆ ಲಿವರ್ ತಪ್ಪಿಸಿ ಹರಿದ ರಕ್ತ ಸೋಸದ ರಕ್ತ. ಇಂಥದೇ ಅಡ್ಡದಾರಿ ಮಾಡಿದ್ದ ನಾಯಿಗಳಿಗೆ ಮಾಂಸ ತಿನ್ನಿಸಿದರೆ ಬುದ್ಧಿ ಮಂಕಾಗುವುದನ್ನು ಪಾವ್ಲೋವ್ ಮತ್ತು ಜೊತೆಗಾರರು 1893ರಲ್ಲೇ ಕಂಡಿದ್ದರು. ಟಿಪ್ಸ್ ಆದವರಲ್ಲೂ ಮಂಕು, ಹಗಲುನಿದ್ದೆ ಅಪರೂಪವಲ್ಲ. ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ.

ನಿಜವಾದ ಬೆರಗು ಇರುವುದು ಅಪರೂಪದ ತೊಡಕುಗಳಲ್ಲಿ. ಹೊದಿಕೆಯಿಲ್ಲದ ಹಳೆಯ ಸ್ಟೆಂಟಿನ ಲೋಹದ ಜಾಲಕ್ಕೆ ಬಡಿದು ಕೆಂಪು ರಕ್ತಕಣಗಳು ಒಡೆಯುತ್ತಿದ್ದವು. ಮುಂದೆ ದೇಹ ತಾನೇ ಆ ಜಾಲದ ಮೇಲೆ ಜೀವಕೋಶಗಳ ಪದರ ಹೊದಿಸಿ ತೊಂದರೆ ನಿಲ್ಲಿಸುತ್ತಿತ್ತು! ಕೆಲವೊಮ್ಮೆ ಸ್ಟೆಂಟೇ ಸೋಂಕಿನ ಗೂಡಾಗುತ್ತದೆ, ತೆಗೆದು ಬಿಸಾಡುವಂತಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಬೆನ್ನುಹುರಿಯ ಕಥೆ. ಟಿಪ್ಸ್ ಆದ ಕೆಲವರಲ್ಲಿ ಬುದ್ಧಿ ಚುರುಕಾಗಿಯೇ ಇರಬಹುದು, ಮುಟ್ಟಿದ್ದು ತಿಳಿಯುತ್ತದೆ, ಆದರೆ ಎರಡೂ ಕಾಲು ವಾರಗಳಲ್ಲಿ, ತಿಂಗಳುಗಳಲ್ಲಿ ಬಿಗಿಯಾಗುತ್ತ ಬರುತ್ತವೆ. ಮೆಟ್ಟಿಲು ಹತ್ತಲಾಗದು. ಎಂಆರ್‌ಐ ಮಾಡಿಸಿದರೆ ಬೆನ್ನುಹುರಿ ಬಹುಪಾಲು ಸರಿಯಾಗಿಯೇ ಕಾಣುತ್ತದೆ! ಲಿವರ್ ಕಾಯಿಲೆಯೂ ಬೆನ್ನುಹುರಿಯ ಹಾನಿಯೂ ಒಬ್ಬರಲ್ಲೇ ಸೇರಿದ್ದನ್ನು ಲೀ ಮತ್ತು ಕಾರ್ಡ್ ಎಂಬ ವೈದ್ಯರು 1949ರಲ್ಲಿ ವರದಿ ಮಾಡಿದ್ದರು. ಅಮೋನಿಯಾದಂಥ ವಿಷಗಳು ಕಾಲಿಗೆ ಅಪ್ಪಣೆ ಒಯ್ಯುವ ನರತಂತುಗಳನ್ನು ಕೆಡಿಸುತ್ತವೆ ಎಂಬುದು ಇಂದಿನ ಅಂದಾಜು.

ಜಯನಗರದಲ್ಲೋ ಬನಶಂಕರಿಯಲ್ಲೋ ಕಾಲು ಬಿಗಿಯಾದವರು ಹೋಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರ ಬಳಿಗೋ. ಲಿವರ್ ಡಾಕ್ಟರ್ ನೆನಪಾಗುವುದೇ ಇಲ್ಲ. "ನನಗೆ ಟಿಪ್ಸ್ ಆಗಿದೆ" ಎಂದು ಅಲ್ಲಿ ಮೊದಲೇ ಹೇಳಬೇಕು. ಏಕೆಂದರೆ ಮಂಕಿಗೆ ಕೊಡುವ ಔಷಧಿಗೆ ಈ ಬಿಗಿತ ಅಷ್ಟಾಗಿ ಜಗ್ಗುವುದಿಲ್ಲ. ಬೇಗ ಗುರುತಿಸಿ ಲಿವರ್ ಕಸಿ ಮಾಡಿದ ಕೆಲವರು ಮಾತ್ರ ಮತ್ತೆ ನಡೆದಿದ್ದಾರೆ. ಬದಲಾಯಿಸಿದ್ದು ಲಿವರ್, ಎದ್ದು ನಡೆದದ್ದು ಕಾಲು!